ಗ್ಯಾಸಕ್ಕನ ನೀಲಿ ಉರಿ

ಹೆರಿಗೆ ಆಸ್ಪತ್ರೆಯ ಹಿಂಬದಿಯಲ್ಲಿ, ತರಕಾರಿ ಮಾರುಕಟ್ಟೆಯ ಗೋಡೆಗೆ ಅಂಟಿಕೊಂಡಂತೆ, ನಗರಸಭೆಯವರು ಕಟ್ಟಿಸಿದ ಗ್ಯಾಸ್ ಘಟಕವಿತ್ತು. ನೆಲದೊಳಗೆ ಬಾವಿಯಷ್ಟು ಆಳದ ತೊಟ್ಟಿ, ಅದರ ಮೇಲೆ ಬೋರಲು ಹಾಕಿದ ಹಸಿರು ಬಣ್ಣದ ದೊಡ್ಡ ಡ್ರಮ್ಮು. ಒಳಗೆ ಹಸಿ ಕಸ ಕೊಳೆತು ಗ್ಯಾಸ್ ಹುಟ್ಟಿದಂತೆಲ್ಲ ಡ್ರಮ್ಮು ಮೇಲೇಳುತ್ತಿತ್ತು. ಆಸ್ಪತ್ರೆಯ ಅಡುಗೆಮನೆಯಲ್ಲಿ ಒಲೆ ಹಚ್ಚಿದಾಗ ಮೆಲ್ಲಗೆ ಇಳಿಯುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಎಲ್ಲರೂ ಗ್ಯಾಸಕ್ಕ ಎನ್ನುತ್ತಿದ್ದರು. ತಮಾಷೆಗೆ ಇಟ್ಟ ಹೆಸರು. ಅವಳು ಬೇಸರ ಮಾಡಿಕೊಳ್ಳಲಿಲ್ಲ. "ಗ್ಯಾಸ್ ಬಿಡೋರು ಈ ಊರಲ್ಲಿ ಬೇಕಾದಷ್ಟು ಜನ ಇದಾರೆ, ಹಿಡಿಯೋಳು ನಾನೊಬ್ಬಳೇ" ಎನ್ನುತ್ತಿದ್ದಳು.

ಹದಿನಾಲ್ಕು ವರ್ಷ ರಸ್ತೆ ಗುಡಿಸಿದವಳು ಅವಳು. ಘಟಕ ಶುರುವಾದಾಗ ಮೂರು ವಾರದ ತರಬೇತಿಗೆ ಹತ್ತು ಜನರನ್ನು ಕರೆದಿದ್ದರು. ಒಂಬತ್ತು ಜನ ವಾಸನೆಗೆ ಹೆದರಿ ಬಿಟ್ಟುಹೋದರು. ಇವಳು ಉಳಿದಳು. ತೊಟ್ಟಿಯೊಳಗೆ ಕಣ್ಣಿಗೆ ಕಾಣದ ಜೀವಾಣುಗಳಿವೆ, ಕಸವನ್ನು ತಿಂದು ಗ್ಯಾಸ್ ಕೊಡುವುದು ಅವೇ ಎಂದು ಹೇಳಿಕೊಟ್ಟದ್ದನ್ನು ಅವಳು ಮನಸ್ಸಿಗೆ ಹಚ್ಚಿಕೊಂಡಳು. ಅವುಗಳಿಗೆ ಅವಳು 'ಒಳಗಿನವರು' ಎಂದು ಹೆಸರಿಟ್ಟಳು. "ನಿನ್ನೆ ಜ್ಯೂಸ್ ಅಂಗಡಿಯಿಂದ ನಿಂಬೆ ಸಿಪ್ಪೆ ಜಾಸ್ತಿ ಬಂತು, ಒಳಗಿನವರಿಗೆ ಹುಳಿ ಆಗಿಬರಲ್ಲ" ಎಂದು ಅಡುಗೆಮನೆಗೆ ಬಂದು ವರದಿ ಒಪ್ಪಿಸುತ್ತಿದ್ದಳು. ಬೆಳಿಗ್ಗೆ ಆರಕ್ಕೆ ಬಂದು, ಬಣ್ಣ ಬದಲಾಯಿಸುವ ಕಾಗದದ ಚೂರನ್ನು ತೊಟ್ಟಿಯ ನೀರಿನಲ್ಲಿ ಅದ್ದಿ ಹುಳಿ ನೋಡುವಳು. ಕಸವನ್ನು ಕೈಯಲ್ಲಿ ಕೆದಕಿ ಮೂಳೆ, ಚಿಪ್ಪು, ದಾರ ಆರಿಸುವಳು. ಉಳಿದದ್ದನ್ನು ಯಂತ್ರದಲ್ಲಿ ಅರೆದು, ಅಷ್ಟೇ ನೀರು ಬೆರೆಸಿ, ಹಸಿದ ಮಗುವಿಗೆ ಉಣಿಸಿದಂತೆ ಸ್ವಲ್ಪ ಸ್ವಲ್ಪವೇ ಒಳಗೆ ಬಿಡುವಳು.

ಅಕ್ಕಪಕ್ಕದ ಬೀದಿಗಳ ಮನೆಮನೆಗೂ ಹೋಗಿ ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಬಕೆಟ್ ಇಡುವಂತೆ ಹೇಳಿಕೊಟ್ಟವಳೂ ಅವಳೇ. ಮೊದಲ ಪಾಠ ಅವಳ ಅತ್ತೆಗೇ ಆಯಿತು. ಅತ್ತೆ ಹಸಿ ಬಕೆಟ್ಟಿಗೆ ಹಾಲಿನ ಕವರು ಹಾಕಿದ್ದಳು. "ತೆಗೀರಿ ಅತ್ತೆ" ಎಂದು ಸೊಸೆ ನಿಂತೇಬಿಟ್ಟಳು. "ನಲವತ್ತು ವರ್ಷ ಸಂಸಾರ ಮಾಡಿದೋಳಿಗೆ ಕಸ ಹಾಕೋದು ಕಲಿಸ್ತಾಳೆ" ಎಂದು ಗೊಣಗುತ್ತಲೇ ಅತ್ತೆ ಕವರನ್ನು ತೆಗೆದು ತೊಳೆದು ಒಣಹಾಕಿದಳು. ಮೂಲೆಮನೆಯ ನಿವೃತ್ತ ಟೀಚರಮ್ಮನಂತೂ ಹಣ್ಣಿನ ಮೇಲಿನ ಸ್ಟಿಕ್ಕರನ್ನೂ ಉಗುರಲ್ಲಿ ಕೆರೆದು ತೆಗೆದು ಸಿಪ್ಪೆಯನ್ನು ಹಸಿ ಬಕೆಟ್ಟಿಗೆ ಹಾಕುತ್ತಿದ್ದರು.

ಎರಡು ವರ್ಷ ಎಲ್ಲ ಸುಸೂತ್ರವಾಗಿ ನಡೆಯಿತು. ಬಾಣಂತಿಯರ ಸ್ನಾನಕ್ಕೆ ಬಿಸಿನೀರು, ಅವರಿಗೆ ಕಾಯಿಸುವ ಹಾಲು, ಬಟ್ಟೆ ಕುದಿಸುವ ಹಂಡೆ, ಎಲ್ಲವೂ ಅದೇ ಗ್ಯಾಸಿನಲ್ಲಿ. ಸೌದೆ ಒಲೆಯ ಹೊಗೆಗೆ ವರ್ಷಗಟ್ಟಲೆ ಕಣ್ಣು ಕೆಂಪು ಮಾಡಿಕೊಂಡಿದ್ದ ಆಸ್ಪತ್ರೆಯ ಅಡುಗೆಯಕ್ಕ, "ನಿನ್ನ ಉರಿ ಸದ್ದೇ ಮಾಡಲ್ಲ ಕಣೆ, ನಾಚಿಕೆ ಸ್ವಭಾವದ್ದು" ಎಂದು ಹೊಗಳುತ್ತಿದ್ದಳು. ಮೆತ್ತಗಿನ, ತಿಳಿನೀಲಿ ಉರಿ. ಗ್ಯಾಸಕ್ಕ ದಿನಕ್ಕೊಮ್ಮೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ನೋಡಿಕೊಂಡು ಹೋಗುತ್ತಿದ್ದಳು.

ಮೂರನೆಯ ವರ್ಷ ಕಸ ಸಾಗಿಸುವ ಗುತ್ತಿಗೆ ಬೇರೆಯವನ ಪಾಲಾಯಿತು. ಹೊಸ ಗುತ್ತಿಗೆದಾರನ ಲಾರಿ ಬಂದ ಮೊದಲ ದಿನವೇ ಗ್ಯಾಸಕ್ಕ ಗೇಟಿಗೆ ಅಡ್ಡ ನಿಂತಳು. ಲಾರಿಯ ತುಂಬ ತರಕಾರಿ ಸಿಪ್ಪೆ, ಗಾಜಿನ ಚೂರು, ಬಳಸಿದ ಡೈಪರು, ಚಪ್ಪಲಿ, ಬ್ಲೇಡು ಎಲ್ಲ ಕಲಸುಮೇಲೋಗರವಾಗಿತ್ತು.

"ಇದನ್ನ ಎಲ್ಲಿಂದ ತಂದ್ರಿ?"

"ಕಸ ಎಲ್ಲಿಂದ ಬರುತ್ತಮ್ಮ? ಮನೆಗಳಿಂದ" ಎಂದ ಗುತ್ತಿಗೆದಾರ, ಲಾರಿಯ ಮುಂದಿನ ಸೀಟಿನಿಂದ ಇಳಿಯದೆಯೇ.

"ಮನೆಯವರು ಬೇರೆ ಬೇರೆ ಮಾಡಿ ಕೊಡ್ತಾರೆ. ನಾನೇ ಕಣ್ಣಾರೆ ನೋಡಿದೀನಿ."

"ಲಾರಿ ಒಂದೇ ಇರೋದು. ಹೊಟ್ಟೆಗೆ ಹೋದ್ಮೇಲೆ ಎಲ್ಲಾ ಒಂದೇ ತಾನೇ?"

"ನಿಮ್ಮ ಹೊಟ್ಟೆಗೆ ಬ್ಲೇಡು ಹಾಕಿ ನೋಡೋಣ, ಒಂದೇ ಆಗುತ್ತಾ ಅಂತ."

ಅವನು ನಗಲಿಲ್ಲ. ಲಾರಿಯನ್ನು ಹಿಂದೆ ತಿರುಗಿಸಿಕೊಂಡು ಹೋದ. ಮಧ್ಯಾಹ್ನಕ್ಕೆ ನಗರಸಭೆಯ ಇಂಜಿನಿಯರ್ ಬಂದ. ಕೆಟ್ಟ ಮನುಷ್ಯನಲ್ಲ, ತರಬೇತಿಯ ದಿನಗಳಲ್ಲಿ ಅವಳ ಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಉತ್ತರ ಕೊಟ್ಟಿದ್ದವನು. ಆದರೆ ಯಾರ ಎದುರೂ ನಿಂತು ಮಾತಾಡುವ ಧೈರ್ಯ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ. ಗುತ್ತಿಗೆಯ ಕಾಗದದಲ್ಲಿ ಎರಡು ಲಾರಿ ಎಂದಿರುವುದೂ, ಎರಡನೆಯದು ಊರಾಚೆ ಯಾರದೋ ಕಟ್ಟಡಕ್ಕೆ ಮರಳು ಹೊರುತ್ತಿರುವುದೂ ಅವನಿಗೆ ಗೊತ್ತಿತ್ತು.

"ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೊಳ್ಳಿ ಅಕ್ಕಾ" ಎಂದ.

"ನಾನು ಅಡ್ಜಸ್ಟ್ ಮಾಡ್ಕೋತೀನಿ ಸಾರ್. ಒಳಗಿನವರು ಮಾಡ್ಕೊಳ್ಳಲ್ಲ."

ಮಾಡಿಕೊಳ್ಳಲೂ ಇಲ್ಲ. ಲಾರಿ ದಿನವೂ ಬಂದು ಅಂಗಳದಲ್ಲಿ ರಾಶಿ ಸುರಿದು ಹೋಗುತ್ತಿತ್ತು. ಗ್ಯಾಸಕ್ಕ ಬೆಳಗಿನಿಂದ ಸಂಜೆಯವರೆಗೆ ಕೂತು ಆರಿಸುತ್ತಿದ್ದಳು. ಒಂದು ದಿನ ಗ್ಲೌಸನ್ನು ಸೀಳಿಕೊಂಡು ಬ್ಲೇಡು ಅಂಗೈಗೆ ಇಳಿದು ಐದು ಹೊಲಿಗೆ ಬಿತ್ತು. ಕೈಕಟ್ಟು ಹಾಕಿಕೊಂಡೇ ಮರುದಿನ ಬಂದಳು. ತನ್ನ ಬೀದಿಯ ಹೆಂಗಸರು ಮುತುವರ್ಜಿಯಿಂದ ಬೇರೆ ಮಾಡಿ ಕೊಟ್ಟ ಎರಡು ಬಕೆಟ್ಟುಗಳನ್ನು ಲಾರಿಯವರು ಅವರ ಕಣ್ಣೆದುರೇ ಒಂದೇ ರಾಶಿಗೆ ಸುರಿಯುವುದನ್ನು ನೋಡಿದಾಗ ಮಾತ್ರ ಅವಳಿಗೆ ಹೊಲಿಗೆಗಿಂತ ಹೆಚ್ಚು ನೋವಾಯಿತು. ಟೀಚರಮ್ಮನ ಕೈಯಲ್ಲಿ ಮೂರು ಅರ್ಜಿ ಬರೆಸಿ ಕಚೇರಿಗೆ ಕೊಟ್ಟಳು. ಮೂರಕ್ಕೂ ಸ್ವೀಕೃತಿಯ ಮುದ್ರೆ ಬಿತ್ತು, ಉತ್ತರ ಬರಲಿಲ್ಲ.

ಆಮೇಲೆ ಅವಳ ವಾರದ ರಜೆಯ ದಿನ ಯಾರೋ ಗೇಟಿನ ಬೀಗ ತೆಗೆಸಿ, ಯಾವುದೋ ದೊಡ್ಡ ಹೋಟೆಲಿನ ಬಟ್ಟೆ ಒಗೆಯುವ ಬ್ಲೀಚಿಂಗ್ ನೀರನ್ನು ಪೀಪಾಯಿಗಟ್ಟಲೆ ತಂದು ಸೀದಾ ತೊಟ್ಟಿಗೇ ಸುರಿದರು. ಮರುದಿನ ಬೆಳಿಗ್ಗೆ ಗೇಟಿನಲ್ಲೇ ಅವಳ ಮೂಗಿಗೆ ಗೊತ್ತಾಯಿತು. ಡ್ರಮ್ಮು ಕೂತುಬಿಟ್ಟಿತ್ತು. ಎರಡು ದಿನ ಬಿಟ್ಟು ಪೈಪಿನ ಬಾಯಿಗೆ ಕಡ್ಡಿ ಗೀರಿ ಹಿಡಿದಳು. ಗ್ಯಾಸ್ ಹೊತ್ತಿಕೊಳ್ಳುವುದಿರಲಿ, ಕಡ್ಡಿಯೇ ಆರಿಹೋಯಿತು.

ಅಡುಗೆಮನೆಗೆ ಘಟಕದ ಗ್ಯಾಸಿನ ಬದಲು ಸಿಲಿಂಡರ್ ಬಂತು, ಅದೂ ಎಣಿಸಿ ಕೊಟ್ಟದ್ದು. ಬಾಣಂತಿಯರಿಗೆ ಬಿಸಿನೀರು ಎರಡು ದಿನಕ್ಕೊಮ್ಮೆ ಎಂದಾಯಿತು. ಅಡುಗೆಯಕ್ಕ ಸಿಟ್ಟನ್ನೆಲ್ಲ ಇವಳ ಮೇಲೆ ತೀರಿಸಿಕೊಂಡಳು. "ದೊಡ್ಡದಾಗಿ ಉರಿ ಕೊಡ್ತೀನಿ ಅಂತ ನನ್ನ ಸೌದೆ ಒಲೆ ಒಡೆಸಿ ಹಾಕಿದೆ. ಈಗ ನೋಡು!"

ಗ್ಯಾಸಕ್ಕ ಅಂದು ಮನೆಗೆ ಬಂದು ಗೋಡೆಗೊರಗಿ ಕೂತಳು. ಅತ್ತೆ ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

"ನಿನ್ನ ಮುಖ ನೋಡಿದ್ರೆ ಒಲೆ ಮೇಲಿರೋ ಹಾಲೂ ಒಡೆಯುತ್ತೆ. ಏನಾಯ್ತು ಹೇಳು."

"ಸಾಯಿಸಿಬಿಟ್ರು ಅತ್ತೆ. ಎರಡು ವರ್ಷ ಸಾಕಿದ್ದೆ. ಒಂದೇ ದಿನಕ್ಕೆ ಸಾಯಿಸಿಬಿಟ್ರು."

ಅತ್ತೆಗೆ ಯಾರನ್ನು ಎಂದು ಕೇಳಬೇಕಾಗಲಿಲ್ಲ. "ಮತ್ತೆ ನೀನು ಯಾರಿಗೆ ಏನಂದೆ?"

"ಅರ್ಜಿ ಕೊಟ್ಟಿದೀನಲ್ಲ."

"ಅರ್ಜಿ ಓದೋರಾಗಿದ್ರೆ ತೊಟ್ಟಿಗೆ ಬ್ಲೀಚಿಂಗ್ ಸುರಿಯೋಕೆ ಬಿಡ್ತಿದ್ರೇನೇ? ಬಾಯಲ್ಲಿ ಹೇಳು. ನನ್ನ ಹತ್ರ ಕವರ್ ತೆಗೆಸೋವಾಗ ಇದ್ದ ಬಾಯಿ ಈಗೆಲ್ಲಿ ಹೋಯ್ತು?"

ಮೂರು ತಿಂಗಳು ಹೀಗೇ ಕಳೆಯಿತು. ತೊಟ್ಟಿ ಖಾಲಿ ಮಾಡಿಸಿ ಮತ್ತೆ ಶುರು ಮಾಡೋಣ ಎಂದು ಅವಳು ಕೇಳಿದಾಗಲೆಲ್ಲ ಇಂಜಿನಿಯರ್ 'ಮುಂದಿನ ವಾರ' ಎನ್ನುತ್ತಿದ್ದ. ಅಷ್ಟರಲ್ಲಿ ಕಸದಿಂದ ಇಂಧನ ತೆಗೆಯುವುದರಲ್ಲಿ ಈ ಊರೇ ಮಾದರಿಯೆಂದು ಪ್ರಶಸ್ತಿ ಬಂದಿರುವ ಸುದ್ದಿ ಹಬ್ಬಿತು. ರಾಜಧಾನಿಯಿಂದ ದೊಡ್ಡ ಅಧಿಕಾರಿಯೊಬ್ಬರು ಘಟಕವನ್ನು ನೋಡಿ, ಅಲ್ಲೇ ಫಲಕ ಕೊಡುವುದಾಗಿ ನಿಶ್ಚಯವಾಯಿತು. ಸತ್ತ ಘಟಕದ ಗೋಡೆಗೆ ಸುಣ್ಣಬಣ್ಣ ಬಳಿದರು. ಡ್ರಮ್ಮಿಗೆ ಹೊಸ ಹಸಿರು ಹೊಡೆದರು. ಹೂವಿನ ಕುಂಡಗಳನ್ನು ಬಾಡಿಗೆಗೆ ತಂದು ಸಾಲಾಗಿ ಇಟ್ಟರು. ಗ್ಯಾಸಕ್ಕನಿಗೆ ಹೊಸ ಕೋಟು, ಹೊಸ ಬೂಟು ಕೊಟ್ಟು, "ಕೇಳಿದ್ರೆ 'ಎಲ್ಲಾ ಚೆನ್ನಾಗಿ ನಡೀತಿದೆ ಮೇಡಂ' ಅಂತ ಒಂದೇ ಮಾತು ಹೇಳಿ" ಎಂದರು.

"ಗ್ಯಾಸೇ ಇಲ್ವಲ್ಲ ಸಾರ್, ಏನು ತೋರಿಸ್ತೀರಿ?"

"ಅದನ್ನ ನಾವು ನೋಡ್ಕೋತೀವಿ" ಎಂದ ಇಂಜಿನಿಯರ್, ಅವಳ ಮುಖ ನೋಡದೆ.

ಆ ದಿನ ಬೆಳಿಗ್ಗೆ ಒಂಬತ್ತೂವರೆಗೆ ಅವಳನ್ನು ಒಳಗೆ ಬಿಟ್ಟರು. ಶಾಮಿಯಾನದ ಕೆಳಗೆ ಬಿಳಿ ಬಟ್ಟೆ ಹೊದಿಸಿದ ಮೇಜು, ಅದರ ಮೇಲೆ ಒಲೆ. ಡ್ರಮ್ಮಿನಿಂದ ಹೊರಟ ಪೈಪು ಕೆಂಪು ಹಿಡಿಯ ವಾಲ್ವನ್ನು ದಾಟಿ ಒಲೆಗೆ ಸೇರಿತ್ತು. ಒಲೆ ಉರಿಯುತ್ತಿತ್ತು! ಮೂರು ತಿಂಗಳು ಕೂತೇ ಇದ್ದ ಡ್ರಮ್ಮು ಆಳೆತ್ತರಕ್ಕೆ ಎದ್ದು ನಿಂತಿತ್ತು. ಒಳಗಿನವರು ತಾವಾಗಿ ಬದುಕಿಕೊಂಡರೇ ಎಂದುಕೊಂಡಳು.

ಹತ್ತಿರ ಹೋದಳು. ಉರಿ ಬುಸ್ಸೆನ್ನುತ್ತಿತ್ತು. ಅವಳ ಉರಿ ಸದ್ದು ಮಾಡುತ್ತಿರಲಿಲ್ಲ. ಒಲೆಯ ನಳಿಕೆ ಹೊಸದು, ಅದರ ತೂತು ಸೂಜಿಮೊನೆಯಷ್ಟು. ಅವಳ ಗ್ಯಾಸಿಗೆ ಕಾಳಿನಷ್ಟು ತೂತು ಬೇಕು. ಪೈಪಿನ ಜಾಡು ಹಿಡಿದು ನೋಡಿದಳು. ವಾಲ್ವಿನ ಈಚೆಗೆ ಹೊಸದೊಂದು ಕವಲು ನೆಲಕ್ಕಿಳಿದಿತ್ತು. ಅದರ ಮೇಲೆ ಹಚ್ಚಿದ ಸಿಮೆಂಟು ಇನ್ನೂ ಹಸಿಯಾಗಿತ್ತು. ಸಿಮೆಂಟಿನ ಗೆರೆ ಕುಂಡಗಳ ಹಿಂದೆ ಹಾದು ಗೋಡೆಯಾಚೆ ಹೋಗಿತ್ತು. ಡ್ರಮ್ಮಿನ ಪಕ್ಕದಲ್ಲಿ, ಪಂಕ್ಚರ್ ಅಂಗಡಿಗಳಲ್ಲಿರುವಂಥ ಗಾಳಿ ತುಂಬುವ ಯಂತ್ರವನ್ನು ಯಾರೋ ಗೋಣಿಚೀಲದಲ್ಲಿ ಮುಚ್ಚಿಟ್ಟಿದ್ದರು.

ಇಂಜಿನಿಯರನನ್ನು ಕುಂಡಗಳ ಮರೆಗೆ ಕರೆದಳು.

"ಡ್ರಮ್ಮಿಗೆ ಗಾಳಿ ತುಂಬ್ಸಿದೀರಾ ಸಾರ್?"

"ಮೆಲ್ಲಗೆ ಮಾತಾಡಿ..."

"ಒಳಗೆ ಅಷ್ಟಿಷ್ಟು ಗ್ಯಾಸ್ ಇದ್ರೆ? ಗ್ಯಾಸಿಗೆ ಗಾಳಿ ಸೇರಿದ್ರೆ ಬಾಂಬು ಅಂತ ನೀವೇ ತಾನೇ ಹೇಳ್ಕೊಟ್ಟಿದ್ದು? ವಾಲ್ವ್ ತೆಗೆದೇ ಇದೆ, ಈ ಕಡೆ ಒಲೆ ಉರೀತಿದೆ. ಗೋಡೆ ಪಕ್ಕ ಬಾಣಂತಿಯರ ವಾರ್ಡು ಸಾರ್!"

ಗಾಳಿ ತುಂಬಿಸಿದ್ದು ಗುತ್ತಿಗೆದಾರನ ಕಡೆಯವರು, ತನಗೆ ಗೊತ್ತಾದದ್ದು ಆಮೇಲೆ ಎಂದ. "ಹತ್ತೇ ನಿಮಿಷ ಅಕ್ಕಾ. ಫಲಕ ಕೊಟ್ಟು ಹೋಗ್ಲಿ. ಆಮೇಲೆ ರಿಪೇರಿಗೆ ಆದೇಶ ಮಾಡಿಸ್ತೀನಿ, ನನ್ನಾಣೆ" ಎಂದು ಕೈಮುಗಿದ. ಗೇಟಿನಲ್ಲಿ ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿದ್ದೇ ಅತ್ತ ಓಡಿದ.

ಬಂದ ಅಧಿಕಾರಿ ಐವತ್ತು ದಾಟಿದ ಹೆಂಗಸು, ದಪ್ಪ ಕನ್ನಡಕ. ಹಿಂದೆ ನಗರಸಭೆಯವರು, ಫೋಟೋದವರು, ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಗುತ್ತಿಗೆದಾರ. ಪಕ್ಕದಲ್ಲಿ ಆಸ್ಪತ್ರೆಯ ಸಿಬ್ಬಂದಿಯನ್ನೂ ಸಾಲಾಗಿ ನಿಲ್ಲಿಸಿದ್ದರು. ಅಡುಗೆಯಕ್ಕ ಆ ಸಾಲಿನ ಕೊನೆಯಲ್ಲಿ ಮುಖ ಊದಿಸಿಕೊಂಡು ನಿಂತಿದ್ದಳು. ಅಧಿಕಾರಿ ಒಲೆಯ ಮುಂದೆ ಬಂದು, "ಇದನ್ನ ನಡೆಸೋರು ಯಾರು?" ಎಂದರು. ಹಿಂದಿನಿಂದ ಯಾರೋ ಗ್ಯಾಸಕ್ಕನನ್ನು ಮುಂದಕ್ಕೆ ತಳ್ಳಿದರು.

"ಹೇಗೆ ಕೆಲಸ ಮಾಡುತ್ತಮ್ಮ ಇದು?"

"ಹೇಳೋದೇನು ಮೇಡಂ, ತೋರಿಸ್ತೀನಿ" ಎಂದಳು ಗ್ಯಾಸಕ್ಕ. ನಾಲ್ಕು ಹೆಜ್ಜೆ ನಡೆದು ವಾಲ್ವಿನ ಕೆಂಪು ಹಿಡಿಯನ್ನು ಹಿಡಿದು ತಿರುಗಿಸಿದಳು. ತುದಿ ಮುಟ್ಟುವವರೆಗೆ ಬಿಗಿಯಾಗಿ ತಿರುಗಿಸಿದಳು. "ತೊಟ್ಟಿಯಿಂದ ಬರೋ ಗ್ಯಾಸು ಇದೊಂದೇ ದಾರೀಲಿ ಬರಬೇಕು. ಮುಚ್ಚಿದೀನಿ. ನೋಡಿ."

ಎಲ್ಲರೂ ಒಲೆಯ ಕಡೆ ನೋಡಿದರು. ಒಲೆ ಬುಸ್ಸೆಂದು ಉರಿಯುತ್ತಲೇ ಇತ್ತು.

ಫೋಟೋದವನು ಏನೂ ತಿಳಿಯದೆ ಎರಡು ಫೋಟೋ ತೆಗೆದ. ಇಂಜಿನಿಯರ್ ತನ್ನ ಬೂಟನ್ನೇ ನೋಡುತ್ತಿದ್ದ. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು, "ಮತ್ತೆ ಇದು ಹೇಗೆ ಉರೀತಿದೆ?" ಎಂದರು.

ಸಾಲಿನ ಕೊನೆಯಿಂದ ಅಡುಗೆಯಕ್ಕನ ದನಿ ಎದ್ದಿತು. "ಅಯ್ಯೋ ನಿಮ್ಮ! ಬೆಳಿಗ್ಗೆಯಿಂದ ನನ್ನ ಅಡುಗೆಮನೆ ಸಿಲಿಂಡರ್ ಕಾಣ್ತಿಲ್ಲ ಅಂತ ಹುಡುಕಿ ಹುಡುಕಿ ಸಾಕಾಯ್ತು. ಹನ್ನೊಂದು ಜನ ಬಾಣಂತಿಯರಿಗೆ ಇವತ್ತು ಹಾಲು ಕಾಯಿಸಿಲ್ಲ. ಇಲ್ಲಿ ಉರೀತಿದೆಯೇನ್ರೋ ಅದು?" ಎನ್ನುತ್ತ ಅವಳು ಗೋಡೆಯಾಚೆಗೆ ನಡೆದೇಬಿಟ್ಟಳು. ತುಸು ಹೊತ್ತಿಗೆ ಒಲೆ ಫಕ್ಕೆಂದು ಆರಿತು. ಅಡುಗೆಯಕ್ಕ ಸಿಲಿಂಡರನ್ನು ಅಂಚಿನ ಮೇಲೆ ಉರುಳಿಸಿಕೊಂಡು ಎಲ್ಲರ ಮುಂದೆಯೇ ಆಸ್ಪತ್ರೆಯ ಕಡೆ ಹೋದಳು. ಅವಳಿಗೆ ದಾರಿ ಬಿಡಲು ಗುತ್ತಿಗೆದಾರನೇ ಪಕ್ಕಕ್ಕೆ ಸರಿಯಬೇಕಾಯಿತು.

ಗ್ಯಾಸಕ್ಕ ಅಷ್ಟಕ್ಕೇ ನಿಲ್ಲಿಸಲಿಲ್ಲ. ಒಂದೇ ಲಾರಿ, ಕಲಸಿದ ಕಸ, ಬ್ಲೀಚಿಂಗ್ ನೀರು, ಮುದ್ರೆ ಬಿದ್ದ ಮೂರು ಅರ್ಜಿ, ಡ್ರಮ್ಮಿನೊಳಗಿನ ಗಾಳಿ, ಎಲ್ಲವನ್ನೂ ಹೇಳಿದಳು. ಹೊಲಿಗೆಯ ಗುರುತಿದ್ದ ಅಂಗೈ ಚಾಚಿ ತೋರಿಸಿದಳು. "ಮನೆಯವರು ಒಂದೊಂದು ಸಿಪ್ಪೆನೂ ಆರಿಸಿ ಕೊಡ್ತಾರೆ ಮೇಡಂ. ಅವರಿಗೆ ಮೋಸ. ತಾಯಂದಿರಿಗೆ ಮೋಸ. ಈ ಫಲಕ ಯಾರಿಗೆ ಕೊಡ್ತೀರಿ?"

"ಪರಿಶೀಲಿಸ್ತೀವಿ" ಎಂದರು ಅಧಿಕಾರಿ. ಡ್ರಮ್ಮಿನ ಗಾಳಿಯನ್ನು ಅಲ್ಲೇ ಹೊರಗೆ ಬಿಡಿಸಿದರು, ಅಷ್ಟು ಮಾಡಿದರು. ಫಲಕವನ್ನು ಮಾತ್ರ ಮಧ್ಯಾಹ್ನ ನಗರಸಭೆಯ ಸಭಾಂಗಣದಲ್ಲಿ ಕೊಟ್ಟುಹೋದರು, ಮೊದಲೇ ಹೆಸರು ಕೆತ್ತಿಸಿಯಾಗಿತ್ತಂತೆ. ಮರುದಿನದ ಪತ್ರಿಕೆಯಲ್ಲಿ ಬುಸ್ಸೆನ್ನುವ ಒಲೆಯ ಚಿತ್ರ ಬಂತು. ಪಕ್ಕದಲ್ಲಿ ವಾಲ್ವಿನ ಮೇಲಿದ್ದ ಒಂದು ಕೈ, ಕೆಳಗೆ 'ಘಟಕದ ಕಾರ್ಯವೈಖರಿ ವಿವರಿಸುತ್ತಿರುವ ಸಿಬ್ಬಂದಿ' ಎಂಬ ಸಾಲು. ಅತ್ತೆ ಅದನ್ನು ಓದಿಸಿ ಕೇಳಿ, "ಕೈ ಒಂದೇ ಹಾಕಿದಾರೆ, ಬಾಯಿ ಹಾಕೋಕೆ ಹೆದರಿಕೆ" ಎಂದಳು.

ಸೋಮವಾರ ಗ್ಯಾಸಕ್ಕ ಕೆಲಸಕ್ಕೆ ಹೋದರೆ ಗೇಟಿಗೆ ಹೊಸ ಬೀಗ. ಸರ್ಕಾರಿ ಉಪಕರಣವನ್ನು ಅನುಮತಿಯಿಲ್ಲದೆ ಮುಟ್ಟಿದ ಕಾರಣಕ್ಕೆ ಕೆಲಸದಿಂದ ತೆಗೆಯಲಾಗಿದೆ ಎಂಬ ಕಾಗದ ಕೈಗೆ ಸಿಕ್ಕಿತು. ಎರಡು ವರ್ಷ ದಿನಕ್ಕೆರಡು ಸಲ ತೆಗೆದು ಮುಚ್ಚಿದ ವಾಲ್ವನ್ನು ಮುಟ್ಟಲು ಅವಳಿಗೆ ಅನುಮತಿ ಇರಲಿಲ್ಲವಂತೆ!

ಟೀಚರಮ್ಮ ಕಾಗದವನ್ನು ಓದಿ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅವರು ಬೀದಿಯ ಒಂದೊಂದೇ ಮನೆಯ ಬಾಗಿಲು ಬಡಿದರು. ಅಂದಿನಿಂದ ಆ ಬೀದಿಯವರು, ಮರುದಿನ ಪಕ್ಕದ ಎರಡು ಬೀದಿಯವರು ಲಾರಿಗೆ ಕಸ ಕೊಡುವುದನ್ನು ನಿಲ್ಲಿಸಿದರು. ಹಸಿ ಕಸದ ಬಕೆಟ್ಟುಗಳನ್ನು ತಾವೇ ಹೊತ್ತು ತಂದು ನಗರಸಭೆಯ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟುಹೋದರು. ಒಂದರಲ್ಲೂ ಒಂದು ಕವರಿಲ್ಲ, ಒಂದು ದಾರವಿಲ್ಲ. ಅತ್ತೆಯೂ ಮಂಡಿನೋವು ಲೆಕ್ಕಿಸದೆ ತನ್ನ ಬಕೆಟ್ಟನ್ನು ಕೊಂಡೊಯ್ದು ಮೇಲಿನ ಮೆಟ್ಟಿಲಿನಲ್ಲೇ ಇಟ್ಟಳು. ಕಾವಲುಗಾರ ಗದರಿದರೆ, "ಬೇರೆ ಮಾಡಿ ಕೊಡಿ ಅಂದ್ರಿ, ಕೊಟ್ಟಿದೀವಿ. ಸರಿಯಾಗಿದೆಯಾ ನೋಡಪ್ಪ, ತಪ್ಪಿದ್ರೆ ಹೇಳು" ಎಂದಳು. ನಾಲ್ಕನೆಯ ದಿನಕ್ಕೆ ಕಚೇರಿಯೊಳಗೆ ಕೂರುವಂತಿರಲಿಲ್ಲ. ಹತ್ತನೆಯ ದಿನ ಇಂಜಿನಿಯರ್ ಗ್ಯಾಸಕ್ಕನ ಮನೆ ಬಾಗಿಲಿಗೆ ಬಂದ.

"ತಪ್ಪಾಯ್ತಕ್ಕಾ" ಎಂದ. "ವಾಪಸ್ ಬನ್ನಿ ಅಂತ ಹೇಳಿ ಕಳಿಸಿದಾರೆ."

ಅವಳು ಕೂರಿ ಎನ್ನಲಿಲ್ಲ. ತನಗೆ ಬೇಕಾದ್ದನ್ನು ನಿಂತಲ್ಲೇ ಹೇಳಿದಳು. ಎರಡು ಲಾರಿ ಓಡಬೇಕು. ಕಲಸಿದ ಕಸ ಬಂದರೆ ಹಿಂದಕ್ಕೆ ಕಳಿಸುವ ಅಧಿಕಾರ ತನಗಿರಬೇಕು, ಬರವಣಿಗೆಯಲ್ಲಿ. ಬ್ಲೀಚಿಂಗ್ ಸುರಿದವನ ಮೇಲೆ ಕೇಸು ಹಾಕಬೇಕು. ನಗರಸಭೆಯವರು ಮೊದಲಿನ ಎರಡಕ್ಕೆ ಒಪ್ಪಿದರು. ಮೂರನೆಯದಕ್ಕೆ ಸಾಕ್ಷಿ ಇಲ್ಲ ಎಂದರು. ಬೀಗದ ಕೀಲಿ ಯಾರ ಬಳಿ ಇತ್ತು ಎಂದು ಅವಳು ಕೇಳಿದ್ದಕ್ಕೆ ಇವತ್ತಿಗೂ ಯಾರೂ ಉತ್ತರ ಕೊಟ್ಟಿಲ್ಲ.

ತೊಟ್ಟಿಯನ್ನು ಖಾಲಿ ಮಾಡಲು ಒಂಬತ್ತು ದಿನ ಹಿಡಿಯಿತು. ಮೇಲೆ ಮೊಳದಷ್ಟು ದಪ್ಪಕ್ಕೆ ಪ್ಲಾಸ್ಟಿಕ್ಕು ಚಾಪೆಯಂತೆ ಹೆಣೆದುಕೊಂಡಿತ್ತು. ಇಂಜಿನಿಯರ್ ಬೂಟು ಹಾಕಿಕೊಂಡು ತಾನೂ ಕೊಕ್ಕೆ ಹಿಡಿದು ಎಳೆದ. ಅವಳು ಬೇಡ ಎನ್ನಲೂ ಇಲ್ಲ, ಭೇಷ್ ಎನ್ನಲೂ ಇಲ್ಲ. ಹಸು ಸಾಕುವವರಿಂದ ಸಗಣಿ ತರಿಸಿ ನೀರಲ್ಲಿ ಕಲಸಿ ತುಂಬಿ ಕಾದರು. ಮೂರು ವಾರ ಡ್ರಮ್ಮು ಅಲ್ಲಾಡಲಿಲ್ಲ. ಇಪ್ಪತ್ತಾರನೆಯ ದಿನ ನಾಲ್ಕು ಬೆರಳು ಎದ್ದಿತ್ತು. ಗಾಳಿ ಬೆರೆತಿರಬಹುದಾದ ಮೊದಲ ಗ್ಯಾಸನ್ನು ಹೊರಗೆ ಬಿಟ್ಟು, ಎರಡನೆಯದನ್ನು ಅಡುಗೆಮನೆಗೆ ಕೊಟ್ಟಳು. ಅಡುಗೆಯಕ್ಕ ಕಡ್ಡಿ ಗೀರಿದಳು. ಉರಿ ಸದ್ದಿಲ್ಲದೆ ಹತ್ತಿಕೊಂಡಿತು. ಆಮೇಲೆ ಅಡುಗೆಯಕ್ಕ ಹಂಡೆ ಎತ್ತಿ ಇಡುತ್ತ, "ಆ ದಿನ ನಿನ್ನ ಬೈದಿದ್ದು ಮನಸ್ಸಲ್ಲಿಟ್ಟುಕೋಬೇಡ" ಎಂದಳು.

"ಇಟ್ಟುಕೊಂಡಿಲ್ಲ ಬಿಡಕ್ಕ. ಜಾಗ ಇಲ್ಲ, ಬೇರೆಯವರದ್ದು ತುಂಬಿದೆ."

ಹೊಸ ಲಾರಿಗಳು ಬೇರೊಬ್ಬನವು. ಹಳೆಯ ಗುತ್ತಿಗೆದಾರ ಏನಾದ ಎಂದು ವಿಚಾರಿಸಿದರೆ, ಊರಿನ ಆ ತುದಿಯ ಬಡಾವಣೆಯಲ್ಲಿ ಇಂಥದೇ ಎರಡನೆಯ ಘಟಕ ಕಟ್ಟುತ್ತಿದ್ದಾರೆ, ಅಲ್ಲಿಯ ಸಾಗಣೆ ಅವನಿಗೇ ಸಿಕ್ಕಿದೆ ಎಂದು ಗೊತ್ತಾಯಿತು. ಇದನ್ನು ಹೇಳುವಾಗ ಇಂಜಿನಿಯರ್ ತಲೆ ಎತ್ತಲಿಲ್ಲ. ಗ್ಯಾಸಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಇಡೀ ದಿನ ಸಿಪ್ಪೆ ಅರೆದಳು.

ಮುಂದಿನ ರಜೆಯ ದಿನ ಅವಳು ಟೀಚರಮ್ಮನನ್ನು ಕರೆದುಕೊಂಡು ಎರಡು ಬಸ್ಸು ಬದಲಾಯಿಸಿ ಆ ಬಡಾವಣೆಗೆ ಹೋದಳು. ಮೊದಲ ಮನೆಯ ಬಾಗಿಲು ತೆರೆದ ಹೆಂಗಸು ಸೊಂಟದ ಮೇಲೆ ಮಗುವನ್ನಿಟ್ಟುಕೊಂಡು, "ಏನು ಮಾರೋಕೆ ಬಂದಿದೀರಿ?" ಎಂದಳು.

"ಮಾರೋಕಲ್ಲಮ್ಮ" ಎಂದಳು ಗ್ಯಾಸಕ್ಕ. "ನಿಮ್ಮ ಮನೆ ಕಸ ಎಲ್ಲಿಗೆ ಹೋಗುತ್ತೆ ಅಂತ ಹೇಳೋಕೆ ಬಂದಿದೀನಿ. ಒಂದು ಐದು ನಿಮಿಷ ಇದೆಯಾ?"

ಹೆಂಗಸು ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದಳು.